ಬೀಗದ ಕೈ ಯಾರ ಹತ್ತಿರ ಇದೆ?

ರಂಗಮಂದಿರಗಳನ್ನು ನೋಡಿಕೊಳ್ಳುವ ಎಲ್ಲರಿಗೂ ನಮಸ್ಕಾರ.

ನಾನು ಊರೂರು ತಿರುಗುವ ಒಂದು ನಾಟಕ ತಂಡದಲ್ಲಿ ಲೈಟಿಂಗ್ ನೋಡಿಕೊಳ್ಳುವವಳು. ನನ್ನ ಮುಖ ನಿಮಗೆ ನೆನಪಿರುವುದು ಕಷ್ಟ. ನಾಟಕ ನಡೆಯುವಾಗ ನಾನು ಪ್ರೇಕ್ಷಕರ ಬೆನ್ನ ಹಿಂದೆ, ಕತ್ತಲಲ್ಲಿ ಕೂತಿರುತ್ತೇನೆ. ಆದರೆ ನಿಮ್ಮಲ್ಲಿ ಕೆಲವರಿಗಾದರೂ ನನ್ನ ದನಿ ಗೊತ್ತಿರಬೇಕು. ಬೆಳಗಿನ ಜಾವ ಫೋನ್ ಮಾಡಿ, "ಸಾರ್, ಬೀಗದ ಕೈ ಯಾರ ಹತ್ತಿರ ಇದೆ?" ಅಂತ ಕೇಳುವವಳು ನಾನೇ. ನಿದ್ದೆ ಕೆಡಿಸಿದೆ ಅಂತ ಬೈದವರಿದ್ದಾರೆ. ಫೋನೇ ತೆಗೆಯದವರು ಇನ್ನೂ ಜಾಸ್ತಿ.

ಈ ಪತ್ರವೂ ಆ ಬೀಗದ ಕೈಯ ವಿಚಾರವೇ.

ಒಂದು ದಿನದ ಕತೆ ಹೇಳುತ್ತೇನೆ. ಹಿಂದಿನ ಊರಿನಲ್ಲಿ ಆಟ ಮುಗಿದಾಗ ರಾತ್ರಿ ಒಂಬತ್ತೂವರೆ. ಸೆಟ್ ಬಿಚ್ಚಿ, ಲೈಟ್ ಇಳಿಸಿ, ಕೇಬಲ್ ಸುತ್ತಿ, ಲಾರಿಗೆ ತುಂಬುವಷ್ಟರಲ್ಲಿ ಹನ್ನೆರಡಾಯಿತು. ಊಟ ಮಾಡಿ ಬಸ್ಸು ಹತ್ತಿದೆವು. ಬೆಳಗ್ಗೆ ಐದೂಕಾಲಿಗೆ ಮುಂದಿನ ಊರಿನ ರಂಗಮಂದಿರದ ಗೇಟಿನ ಮುಂದಿದ್ದೆವು. ಬೀಗ ಹಾಕಿತ್ತು. "ಆಫೀಸಿನವರು ಹತ್ತು ಗಂಟೆಗೆ ಬರ್ತಾರಮ್ಮ, ಕೈ ಅವರ ಹತ್ರಾನೇ ಇರೋದು" ಅಂದರು ವಾಚ್‌ಮನ್. ಅವರದೇನೂ ತಪ್ಪಿಲ್ಲ. ಅವರ ಕೈಯಲ್ಲಿದ್ದದ್ದು ಒಂದು ಕೋಲು, ಒಂದು ಟಾರ್ಚು ಅಷ್ಟೇ.

ನಾವು ಹದಿನೇಳು ಜನ. ಮುಖ ತೊಳೆಯಲು ಗೇಟಿನ ಹೊರಗೆ ಒಂದು ನಲ್ಲಿ. ನಮ್ಮ ಚಿಕ್ಕ ಹುಡುಗ ಸೈನಿಕರ ಬಟ್ಟೆಯ ಗಂಟನ್ನು ತಲೆಗೆ ಇಟ್ಟುಕೊಂಡು ಕಾಂಪೌಂಡಿನ ಪಕ್ಕ ಮಲಗಿಬಿಟ್ಟ. ತಾಯಿಯ ಪಾತ್ರ ಮಾಡುವ ಅಕ್ಕನಿಗೆ ಜ್ವರ ಬರುವ ಹಾಗಿತ್ತು. ಅವರು ಬಸ್ಸಿನಿಂದ ಇಳಿಯಲೇ ಇಲ್ಲ. ಗೇಟು ತೆಗೆದದ್ದು ಹತ್ತು ನಲವತ್ತಕ್ಕೆ. ಒಳಗೆ ಹೋದರೆ ಹಿಂದಿನ ದಿನದ ಸನ್ಮಾನ ಸಮಾರಂಭ ಇನ್ನೂ ವೇದಿಕೆಯ ಮೇಲೇ ಇತ್ತು. ಆರು ಸೋಫಾ, ಹೂವಿನ ಕಸ, ಹಿಂಪರದೆಗೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಥರ್ಮಾಕೋಲ್ ಅಕ್ಷರಗಳು. ಅದನ್ನೆಲ್ಲ ನಾವೇ ಸರಿಸಿದೆವು. ಅಷ್ಟರಲ್ಲಿ ಆಫೀಸಿನಿಂದ ಒಬ್ಬರು ಬಂದು ಹೇಳಿದರು: ಎರಡರಿಂದ ನಾಲ್ಕರವರೆಗೆ ಹಾಲ್ ಇನ್ನೊಂದು ಸಭೆಗೆ ಕೊಟ್ಟಿದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಆಟ ಇದ್ದದ್ದು ಆರೂವರೆಗೆ.

ನಾಟಕದವರು ಸಂಜೆ ಬಂದು, ಬಣ್ಣ ಹಚ್ಚಿಕೊಂಡು, ಮೂರನೇ ಬೆಲ್ ಆದ ಮೇಲೆ ಕುಣಿದು ಹೋಗುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ನಿಮ್ಮ ಬುಕಿಂಗ್ ಫಾರಂ ನೋಡಿದರೆ ನನಗೆ ಹಾಗನ್ನಿಸುತ್ತದೆ. ಅದರಲ್ಲಿ ಹೊತ್ತಿನ ಬಗ್ಗೆ ಒಂದೇ ಸಾಲು ಇರುತ್ತದೆ: ಕಾರ್ಯಕ್ರಮದ ಸಮಯ. ಭಾಷಣಕ್ಕೆ ಅಷ್ಟು ಸಾಕು. ಮೈಕು ಇಟ್ಟರೆ ಶುರು, ತೆಗೆದರೆ ಮುಗೀತು. ನಾಟಕ ಹಾಗಲ್ಲ. ನಮ್ಮದು ದೊಡ್ಡ ನಾಟಕವೇನೂ ಅಲ್ಲ. ಆದರೂ ಸೆಟ್ ನಿಲ್ಲಿಸಲು ಎರಡು ಗಂಟೆ ಬೇಕು. ಲೈಟ್ ಕಟ್ಟಿ, ಕೇಬಲ್ ಎಳೆದು, ಒಂದೊಂದೇ ಹೊತ್ತಿಸಿ ನೋಡಲು ಇನ್ನೆರಡು. ಆಮೇಲೆ ಫೋಕಸ್. ಅಂದರೆ ಒಬ್ಬರು ಏಣಿ ಹತ್ತಿ ಒಂದೊಂದು ಲೈಟನ್ನೂ ತಿರುಗಿಸಬೇಕು, ಕೆಳಗೆ ಇನ್ನೊಬ್ಬರು ನಟರ ಜಾಗದಲ್ಲಿ ನಿಂತಿರಬೇಕು, ಹಾಲ್ ಕತ್ತಲಾಗಿರಬೇಕು. ಪಕ್ಕದಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರೆ ಇದು ಆಗುವುದಿಲ್ಲ. ಆಮೇಲೆ ನಟರು ಬಂದು ಹೊಸ ವೇದಿಕೆಯನ್ನು ಕಾಲಿನಿಂದ ಅಳೆದು ನೋಡಬೇಕು. ಮೇಕಪ್ಪಿಗೆ ಒಂದೂವರೆ ಗಂಟೆ. ಒಂದರ ಜೊತೆ ಒಂದು ಮಾಡಿಕೊಂಡರೂ ಎಂಟು ಗಂಟೆ ಬೇಕೇ ಬೇಕು. ಆ ದಿನ ನಮಗೆ ಸಿಕ್ಕಿದ್ದು ಆರು ಗಂಟೆಗಿಂತ ಕಡಿಮೆ, ಅದೂ ಎರಡು ತುಂಡಾಗಿ. ಎರಡು ಗಂಟೆಗೆ ಅರ್ಧ ನಿಂತಿದ್ದ ಸೆಟ್ಟನ್ನು ಸಭೆಯವರಿಗಾಗಿ ಮತ್ತೆ ಬದಿಗೆ ತಳ್ಳಿದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೂರು ಲೈಟಿಗೆ ಫೋಕಸ್ ಆಗಲೇ ಇಲ್ಲ. ನಾಲ್ಕನೇ ದೃಶ್ಯದಲ್ಲಿ ತಾಯಿ ಬಂದು ಮುಂದಿನ ಎಡಗಡೆ ಮೆಟ್ಟಿಲ ಮೇಲೆ ಕೂರುತ್ತಾಳೆ. ನಾನು ಕ್ಯೂ ಕೊಟ್ಟೆ, ಅಂದರೆ ಬೆಳಕು ಬದಲಿಸುವ ಸೂಚನೆ. ಬೆಳಕು ಅವರ ಮುಖಕ್ಕೆ ಬೀಳಲಿಲ್ಲ, ಮೊಣಕಾಲಿಗೆ ಬಿತ್ತು. ಎದೆ ಧಸಕ್ಕೆಂದಿತು. ಅಕ್ಕ ಏನು ಮಾಡಿದರು ಗೊತ್ತಾ? ಒಂದು ಕ್ಷಣ ಸುಮ್ಮನಿದ್ದು, ಮಾತಿನ ನಡುವೆಯೇ ಮೆಲ್ಲಗೆ ಮೆಟ್ಟಿಲಿನಿಂದ ಜಾರಿ ನೆಲಕ್ಕೆ ಕೂತರು. ಬೆಳಕು ಸರಿಯಾಗಿ ಮುಖಕ್ಕೆ ಬಂತು. ಹ್ಯಾಲೋಜನ್ ಲೈಟಿಗೆ ಶಾಖ ಇರುತ್ತದೆ. ಅನುಭವ ಇರುವ ನಟರು ಬೆಳಕನ್ನು ಕಣ್ಣಿನಿಂದ ಹುಡುಕುವುದಿಲ್ಲ, ಕೆನ್ನೆಯಿಂದ ಹುಡುಕುತ್ತಾರೆ. (ಎಲ್‌ಇಡಿ ಬಂದ ಮೇಲೆ ಕರೆಂಟ್ ಉಳಿಯಿತು, ಈ ವಿದ್ಯೆ ಹೋಯಿತು.) ಆಟ ಮುಗಿದ ಮೇಲೆ ಪ್ರೇಕ್ಷಕರೊಬ್ಬರು ಬಂದು, ತಾಯಿ ಕುಸಿದು ಕೂತದ್ದು ಬಹಳ ಚೆನ್ನಾಗಿತ್ತು ಅಂದರು. ನಾನು ತಲೆ ಆಡಿಸಿದೆ. ಜ್ವರದಲ್ಲಿದ್ದ ನಟಿ ತನ್ನ ಅನುಭವದಿಂದ ನಿಮ್ಮ ಬೀಗವನ್ನು ಮುಚ್ಚಿಟ್ಟರು ಅಂತ ಹೇಳಲಿಲ್ಲ.

ಹಿಂದಿನ ಕಂಪನಿ ನಾಟಕದವರಿಗೆ ಈ ಕಷ್ಟ ಇರಲಿಲ್ಲ. ಬೇರೆ ಸಾವಿರ ಕಷ್ಟ ಇತ್ತು, ಇದು ಇರಲಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನೇ ನೋಡಿ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಆ ಕಂಪನಿಯನ್ನೇ. ರಾಜ್‌ಕುಮಾರ್ ತಂದೆಯ ಜೊತೆ ಪಾತ್ರ ಮಾಡಿದ್ದೂ ಅಲ್ಲೇ. ಕಂಪನಿಯವರು ಒಂದು ಊರಿಗೆ ಹೋದರೆ ಕ್ಯಾಂಪ್ ಹಾಕುತ್ತಿದ್ದರು. ವಾರಗಟ್ಟಲೆ, ಕಲೆಕ್ಷನ್ ಚೆನ್ನಾಗಿದ್ದರೆ ತಿಂಗಳುಗಟ್ಟಲೆ. ತಗಡು, ಬಿದಿರು, ಪರದೆ ಎಲ್ಲ ಜೊತೆಗೇ ಬರುತ್ತಿತ್ತು. ಥಿಯೇಟರನ್ನು ತಾವೇ ಕಟ್ಟುತ್ತಿದ್ದರು, ತಾವೇ ಬಿಚ್ಚುತ್ತಿದ್ದರು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ತಂದರು. ವೇದಿಕೆ ಅವರದೇ ಆಗಿದ್ದರಿಂದ ತಂದರು. ನಿಮ್ಮ ಫಾರಂ ತುಂಬಿಸಿ ಆನೆಗೆ ಅನುಮತಿ ಕೇಳಿದ್ದರೆ ಏನಾಗುತ್ತಿತ್ತೋ ಊಹಿಸಿಕೊಳ್ಳಿ.

1985ರಲ್ಲಿ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 'ತಿರುಗಾಟ' ಶುರು ಮಾಡಿತು. ತಂಡ ಚಿಕ್ಕದು, ಕೆಲವೇ ನಾಟಕ, ಒಂದು ಊರಿನಲ್ಲಿ ಒಂದೆರಡು ದಿನ ಆಡಿ ಮುಂದಿನ ಊರು. ಕಂಪನಿ ಕ್ಯಾಂಪ್ ಹಾಕಲು ಸಾಧ್ಯವೇ ಇಲ್ಲದ ಜಾಗಗಳಿಗೂ ನಾಟಕ ಹೋಯಿತು. ನಮ್ಮಂಥ ತಂಡಗಳೆಲ್ಲ ಆ ದಾರಿ ಹಿಡಿದವೇ. ಇದರಲ್ಲಿ ಒಂದು ಬದಲಾವಣೆ ಇದೆ, ಅದನ್ನು ನೀವು ಗಮನಿಸಿದ ಹಾಗೆ ಕಾಣುವುದಿಲ್ಲ. ಈಗ ನಾಟಕ ಲಾರಿಯಲ್ಲಿ ಬರುತ್ತದೆ, ರಂಗಮಂದಿರ ಬರುವುದಿಲ್ಲ. ಅದನ್ನು ನಾವು ನಿಮ್ಮನ್ನು ನಂಬಿಕೊಂಡು ಹಿಂದೆ ಬಿಟ್ಟು ಬಂದಿದ್ದೇವೆ.

1545ರಲ್ಲಿ ಇಟಲಿಯ ಪಾದುವಾದಲ್ಲಿ ಎಂಟು ಜನ ನಟರು ಸೇರಿ ಒಂದು ಕರಾರು ಬರೆದುಕೊಂಡರು. ಊರಿಂದೂರಿಗೆ ಹೋಗಿ ನಾಟಕ ಆಡುವುದು. ಸಾಮಾನು ಹೊರಲು ಎಲ್ಲರ ದುಡ್ಡಿನಲ್ಲಿ ಒಂದು ಕುದುರೆ ಕೊಳ್ಳುವುದು. ಯಾರಿಗಾದರೂ ಹುಷಾರು ತಪ್ಪಿದರೆ ಸಾಮಾನ್ಯ ನಿಧಿಯಿಂದ ನೋಡಿಕೊಳ್ಳುವುದು. ಗಳಿಕೆ ಇಡುವ ಪೆಟ್ಟಿಗೆಗೆ ಮೂರು ಬೀಗದ ಕೈ, ಮೂವರ ಹತ್ತಿರ ಒಂದೊಂದು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಕುದುರೆ ಹೋಗಿ ಲಾರಿ ಬಂದಿದೆ ಅನ್ನುವುದು ಬಿಟ್ಟರೆ ನಮ್ಮ ತಂಡದ ನಿಯಮಗಳು ಹೆಚ್ಚುಕಡಿಮೆ ಇವೇ. ಅವರ ಬೀಗದ ಕೈಗಳು ಅವರ ಹತ್ತಿರವೇ ಇದ್ದವು ಅನ್ನುವುದೂ ಒಂದು ವ್ಯತ್ಯಾಸ.

ಬೀಗ ತೆಗೆದ ಮೇಲೆ ಏನು ಸಿಗುತ್ತದೆ ಅನ್ನುವುದನ್ನೂ ಹೇಳಬೇಕು.

ಕರೆಂಟಿನಿಂದ ಶುರು ಮಾಡುತ್ತೇನೆ, ಅದು ನನ್ನ ಇಲಾಖೆ. ಫ್ರಾನ್ಸಿನ ನಾಟಕಕಾರ ಮೊಲಿಯೇರ್ 1645ರಲ್ಲಿ ಜೈಲಿಗೆ ಹೋದದ್ದು ಮೇಣದಬತ್ತಿ ಮಾರುವವನ ಸಾಲ ತೀರಿಸಲಾಗದೆ. ನಾಟಕಕ್ಕೆ ಹಚ್ಚಿದ ಬತ್ತಿಗಳ ಸಾಲ. ಆಮೇಲೆ ಹದಿಮೂರು ವರ್ಷ ತಂಡ ಕಟ್ಟಿಕೊಂಡು ದೇಶ ಸುತ್ತಿ 1658ರಲ್ಲಿ ಪ್ಯಾರಿಸಿಗೆ ವಾಪಸ್ ಬಂದ. ಬೆಳಕಿನ ಕಷ್ಟ ಅಷ್ಟು ಹಳೆಯದು. ನಿಮ್ಮ ಫಾರಂನಲ್ಲಿ "ಸಾಕಷ್ಟು ವಿದ್ಯುತ್ ವ್ಯವಸ್ಥೆ ಇದೆ" ಅಂತ ಬರೆದಿರುತ್ತದೆ. ಸಾಕಷ್ಟು ಅಂದರೆ ಎಷ್ಟು? ಒಂದು ಹಳೇ ಪಾರ್ ಲೈಟ್ ಸಾವಿರ ವ್ಯಾಟ್. 230 ವೋಲ್ಟಿನಲ್ಲಿ ಅದು ನಾಲ್ಕು ಆಂಪಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಅಂಥವು 24 ಇದ್ದರೆ 24 ಕಿಲೋವ್ಯಾಟ್. ಮೂರು ಫೇಸಿಗೆ, ಅಂದರೆ ಕರೆಂಟ್ ಬರುವ ಮೂರು ಲೈನಿಗೆ, ಸಮನಾಗಿ ಹಂಚಿದರೂ ಒಂದೊಂದಕ್ಕೆ 35 ಆಂಪ್. ವೇದಿಕೆಯ ಮೂಲೆಯಲ್ಲಿರುವ ಒಂದು 15 ಆಂಪ್ ಪ್ಲಗ್ ತೋರಿಸಿ "ಇಲ್ಲಿ ಹಾಕ್ಕೊಳಿ ಮೇಡಂ" ಅಂದರೆ ನಾನು ಏನು ಹೇಳಲಿ? ಅದರಲ್ಲಿ ಮೂರು ಲೈಟ್ ಉರಿಯುತ್ತವೆ. ನಾಲ್ಕನೆಯದನ್ನು ಹಾಕಿದರೆ ಪ್ಲಗ್ ಉರಿಯುತ್ತದೆ.

ಒಂದು ಕಡೆ ಮೂರೂ ಫೇಸ್ ಇತ್ತು, ಆದರೆ ಬೋರ್ಡಿನೊಳಗೆ ನ್ಯೂಟ್ರಲ್ ವೈರು, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಸಡಿಲವಾಗಿತ್ತು. ನ್ಯೂಟ್ರಲ್ ಕೈಕೊಟ್ಟರೆ ಒಂದು ಫೇಸಿನ ಲೈಟುಗಳು ಇನ್ನೊಂದು ಫೇಸಿನ ಜೊತೆ ಕಟ್ಟಿದ ಹಾಗಾಗುತ್ತದೆ. 230 ಇರಬೇಕಾದ ಕಡೆ 400ರ ಹತ್ತಿರ ಹೋಗಬಹುದು. ಎರಡನೇ ದೃಶ್ಯದಲ್ಲಿ ಒಂದು ಬದಿಯ ಲೈಟುಗಳು ಬೆಳ್ಳಗೆ ಧಗ್ಗನೆ ಹೊತ್ತಿ ಪಟಪಟ ಅಂತ ಹೋದವು. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಸುಟ್ಟ ವಾಸನೆ. ಪ್ರೇಕ್ಷಕರು ಅದು ಯುದ್ಧದ ದೃಶ್ಯ ಅಂತ ತಿಳಿದರು. ಎಲೆಕ್ಟ್ರಿಷಿಯನ್ ಎಲ್ಲಿ ಅಂದರೆ, ಅವರು ಬೆಳಗ್ಗೆ ಬಂದು ಸಹಿ ಮಾಡಿ ಹೋದರು ಅಂತ ಉತ್ತರ. ನಾನು ಕೇಳುವುದು ಇಷ್ಟೇ. ತಂಡ ಬರುವ ಮೊದಲು ಬೋರ್ಡಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿಸಿ. ಆಟದ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ ಕಟ್ಟಡದೊಳಗೆ ಇರಲಿ.

ಅಳತೆಯದ್ದು ಇನ್ನೊಂದು ಗೋಳು. "ವೇದಿಕೆ 40 ಅಡಿ" ಅಂತೀರಿ. ಅದು ಗೋಡೆಯಿಂದ ಗೋಡೆಗೆ. ಪ್ರೇಕ್ಷಕರಿಗೆ ಕಾಣುವ ಬಾಯಿ 28 ಅಡಿ ಮಾತ್ರ. ಆಳ 25 ಅಂತೀರಿ, ಆದರೆ ಸ್ಲೈಡ್ ತೋರಿಸಲು ಹಾಕಿದ ಬಿಳಿ ತೆರೆಯ ಹಿಂದೆ ಐದು ಅಡಿ ಸುಮ್ನೆ ಗೋದಾಮಾಗಿದೆ. ವಿಂಗ್ಸ್, ಅಂದರೆ ವೇದಿಕೆಯ ಎರಡೂ ಬದಿಯ ಮರೆಯ ಜಾಗ, ಎಷ್ಟು ಅಗಲ ಅಂತ ಯಾರೂ ಹೇಳುವುದೇ ಇಲ್ಲ. ನಮ್ಮ ಒಬ್ಬ ನಟನಿಗೆ ಒಂದು ದೃಶ್ಯದಲ್ಲಿ ಜೋರಾಗಿ ಓಡಿ ಬಲಕ್ಕೆ ಹೋಗಬೇಕು. ಒಂದು ಊರಿನಲ್ಲಿ ವಿಂಗ್ ದಾಟಿ ಮೂರನೇ ಹೆಜ್ಜೆಗೆ ಗೋಡೆ ಇತ್ತು. ಹುಬ್ಬು ಒಡೆಯಿತು. ಬಟ್ಟೆ ಒತ್ತಿ ಹಿಡಿದು, ಮುಂದಿನ ದೃಶ್ಯಕ್ಕೆ ರುಮಾಲು ಸುತ್ತಿಕೊಂಡು ಬಂದ. ಈಗಲೂ ಹೊಸ ವೇದಿಕೆಗೆ ಹೋದ ಕೂಡಲೇ ಅವನು ಮೊದಲು ಮಾಡುವ ಕೆಲಸ ಬಲಕ್ಕೆ ನಡೆದು ಎಣಿಸುವುದು. "ಐದು ಹೆಜ್ಜೆ, ಗೋಡೆ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ದಯವಿಟ್ಟು ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಗೀಚಿದರೂ ಸಾಕು, ನಿಜವಾದ ಅಳತೆ ಕಳಿಸಿ. ಬಾಯಿ ಎಷ್ಟು, ಆಳ ಎಷ್ಟು, ವಿಂಗ್ಸ್ ಎಷ್ಟು, ಲೈಟ್ ಕಟ್ಟುವ ಬಾರ್ ಎಷ್ಟು ಎತ್ತರದಲ್ಲಿದೆ, ಅದು ಎಷ್ಟು ತೂಕ ತಡೆಯುತ್ತದೆ. ಚಿಕ್ಕದಾಗಿದ್ದರೆ ನಾಚಿಕೆ ಬೇಡ. ಇಪ್ಪತ್ತು ಅಡಿಯ ವೇದಿಕೆಗೆ ನಾವು ಸೆಟ್ ಕುಗ್ಗಿಸಿಕೊಂಡು ಬರುತ್ತೇವೆ. ಮೊದಲೇ ಗೊತ್ತಿರಬೇಕು, ಅಷ್ಟೇ.

ಶೌಚಾಲಯದ ಬಗ್ಗೆ ಬರೆಯಲು ಮುಜುಗರ ಏನಿಲ್ಲ. ಬಹಳಷ್ಟು ಕಡೆ ಮೇಕಪ್ ರೂಮಿನ ಹತ್ತಿರ ಅದು ಇರುವುದಿಲ್ಲ. ಇದ್ದರೆ ಅದಕ್ಕೂ ಬೀಗ, ವಿಐಪಿಗಳಿಗೆ ಅಂತ. ಹಾಗಾಗಿ ರಾಣಿಯ ವೇಷ ಹಾಕಿಕೊಂಡವರು ಪ್ರೇಕ್ಷಕರು ಬರುತ್ತಿರುವ ಬಾಗಿಲಲ್ಲೇ ಹಾದು, ಸಾಲಿನಲ್ಲಿ ನಿಂತು ಬರಬೇಕು. ಜನ ಫೋಟೊ ತೆಗೆಯುತ್ತಾರೆ. ಇದನ್ನು ತಪ್ಪಿಸಲು ನಮ್ಮ ಹೆಂಗಸರು ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೈಕಿಲ್ಲದೆ ಎರಡು ಗಂಟೆ ಕೊನೆಯ ಸಾಲಿಗೆ ಕೇಳುವಂತೆ ಮಾತಾಡಬೇಕಾದ ಗಂಟಲಿಗೆ ಮೊದಲು ಬೇಕಾದದ್ದು ನೀರು. ತಿರುಗಾಟದ ಮೂರನೇ ವಾರಕ್ಕೆ ಎಲ್ಲರ ದನಿಯೂ ಒಡೆದ ಮಡಕೆ. ಧೂಳು, ರಾತ್ರಿ ಪ್ರಯಾಣ ಎಲ್ಲ ಕಾರಣವೇ. ಆದರೆ ಈ ಒಂದು ಕಾರಣ ನಿಮ್ಮ ಕೈಯಲ್ಲಿದೆ, ಅಲ್ವಾ?

ಹಾಗೇ ಒಂದು ಹಗ್ಗ. ಮೇಕಪ್ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ, ಒಂದು ಫ್ಯಾನ್. ಹತ್ತಾರು ಲೈಟುಗಳ ಕೆಳಗೆ ಕುಣಿದ ಮೇಲೆ ಬಟ್ಟೆ ಹಿಂಡಿದರೆ ಬೆವರು ಸುರಿಯುತ್ತದೆ. ಒಣಗಿಸದೆ ಟ್ರಂಕಿಗೆ ತುಂಬಿದರೆ ಮಾರನೇ ದಿನ ಬೂಷ್ಟು, ಅದರ ಮಾರನೇ ದಿನ ಮೈಯೆಲ್ಲ ತುರಿಕೆ.

ಎಲ್ಲಕ್ಕಿಂತ ನನಗೆ ಭಯ ಇರುವುದು ಆಟ ಮುಗಿದ ಮೇಲಿನ ಹೊತ್ತಿನ ಬಗ್ಗೆ. ಚಪ್ಪಾಳೆ ನಿಂತ ಐದು ನಿಮಿಷಕ್ಕೆ ನಿಮ್ಮವರು ಬಂದು ಸ್ವಿಚ್ ಬೋರ್ಡಿನ ಹತ್ತಿರ ನಿಲ್ಲುತ್ತಾರೆ. ಅವರಿಗೂ ಮನೆಗೆ ಹೋಗಬೇಕು, ಅರ್ಥವಾಗುತ್ತದೆ. ಆದರೆ ನಮ್ಮಲ್ಲಿ ಪೆಟ್ಟಾಗುವುದು ಜಾಸ್ತಿ ಆ ಹೊತ್ತಿನಲ್ಲೇ. ಎಲ್ಲರೂ ಸುಸ್ತಾಗಿರುತ್ತಾರೆ, ಬಿಸಿ ಲೈಟುಗಳನ್ನು ಏಣಿ ಮೇಲಿಂದ ಇಳಿಸಬೇಕು, ಅರ್ಧ ಹಾಲ್ ಕತ್ತಲು. ಅವಸರ ಮಾಡಿದರೆ ಕೈ ಸುಡುತ್ತದೆ, ಕಾಲಿನ ಮೇಲೆ ಸೆಟ್ಟಿನ ಮರದ ಲೆವೆಲ್ (ನಟರು ಹತ್ತಿ ನಿಲ್ಲುವ ಕಟ್ಟೆ) ಬೀಳುತ್ತದೆ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನಾನು ಎಷ್ಟು ಸಲ ಕೇಬಲ್ ಸುತ್ತಿದ್ದೇನೋ ಲೆಕ್ಕ ಇಲ್ಲ.

ಆಮೇಲೆ ಡ್ರೈವರ್. ನಮ್ಮ ತಂಡದಲ್ಲಿ ಒಂದು ನಿಯಮ ಇದೆ. ಆಟ ನಡೆಯುವಾಗ ಡ್ರೈವರ್ ಮಲಗಿರಬೇಕು, ಯಾವ ಕಾರಣಕ್ಕೂ ಯಾರೂ ಎಬ್ಬಿಸಬಾರದು. ಹದಿನೇಳು ಜನರ ಜೀವ ಆ ಮೂರು ಗಂಟೆ ನಿದ್ದೆಯ ಮೇಲಿದೆ. ಆದರೆ ಬೆಳಗ್ಗೆ ಗೇಟು ತೆಗೆಯದಿದ್ದರೆ ಲಾರಿ ರಸ್ತೆಯಲ್ಲೇ ನಿಲ್ಲುತ್ತದೆ, ಪೊಲೀಸರು ಬಂದು ಮುಂದೆ ಹೋಗು ಅಂತಾರೆ, ಡ್ರೈವರ್ ಸೀಟು ಬಿಡುವ ಹಾಗಿಲ್ಲ. ಗೇಟು ತಡವಾದರೆ ಸೆಟ್ ತಡ, ಸೆಟ್ ತಡವಾದರೆ ಆಟ ತಡ, ಆಟ ತಡವಾದರೆ ಲೋಡಿಂಗ್ ತಡ. ಕೊನೆಗೆ ರಾತ್ರಿ ಎರಡು ಗಂಟೆಗೆ ಹೊರಟು, ಮತ್ತೆ ಬೆಳಗ್ಗೆ ಹೊತ್ತಿಗೆ ಇನ್ನೊಂದು ಗೇಟಿನ ಮುಂದೆ ಇರಬೇಕು ಅಂತ ಡ್ರೈವರ್ ಕಾಲಿನ ಭಾರ ಎಕ್ಸಿಲೇಟರ್ ಮೇಲೆ ಬೀಳುತ್ತದೆ. ಒಂದು ರಾತ್ರಿ ಬಸ್ಸು ರಸ್ತೆ ಬಿಟ್ಟು ಮಣ್ಣಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಡ್ರೈವರ್ ಅಣ್ಣ ಇಳಿದು ಹೋಗಿ ಒಂದು ಕಲ್ಲಿನ ಮೇಲೆ ಕೂತರು. ಬೆಳಕಾಗುವವರೆಗೆ ಯಾರೂ ಹೊರಡೋಣ ಅನ್ನಲಿಲ್ಲ. ಅದಕ್ಕೇ ಹೇಳಿದ್ದು, ಇದು ಬರೀ ನಮ್ಮ ಅನುಕೂಲದ ಮಾತಲ್ಲ.

ನಮ್ಮ ತಪ್ಪುಗಳೂ ಇವೆ. ನೆಲಕ್ಕೆ ಅಂಟಿಸಿದ ಟೇಪು ಕೀಳದೆ ಹೋಗಿದ್ದೇವೆ. ಕೇಳದೆ ಮೊಳೆ ಹೊಡೆದಿದ್ದೇವೆ. ಒಮ್ಮೆ ನಿಮ್ಮ ಹೊಸ ನೆಲದ ಮೇಲೆ ಕೆಂಪು ಬಣ್ಣ ಚೆಲ್ಲಿ, ಅದರ ಮೇಲೆ ಚಾಪೆ ಹಾಸಿ ಹೋದವರು ನಾವೇ. ಅದು ನಿಮ್ಮ ಹಾಲ್ ಆಗಿದ್ದರೆ ಕ್ಷಮಿಸಿ. ಐದು ಗಂಟೆಗೆ ಬರುತ್ತೇವೆ ಅಂತ ಹೇಳಿ ಒಂಬತ್ತಕ್ಕೆ ಬಂದದ್ದೂ ಇದೆ. ಅಂಥ ದಿನ ಗೇಟಿನ ಹತ್ತಿರ ನಾಲ್ಕು ಗಂಟೆ ಕಾದವರು ನೀವು.

ಒಳ್ಳೆಯವರನ್ನೂ ಮರೆತಿಲ್ಲ. ಒಂದು ಪುಟ್ಟ ರಂಗಮಂದಿರದಲ್ಲಿ ಬೆಳಗ್ಗೆ ಐದಕ್ಕೆ ಹೋದರೆ ಗೇಟು ತೆಗೆದಿತ್ತು, ದೀಪ ಹಾಕಿತ್ತು. ಒಬ್ಬರು ವೇದಿಕೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಟ್ಟಿಂಗ್ ಪ್ಲೇಯರ್‌ನಿಂದ ಹಳೇ ಮೊಳೆಗಳನ್ನು ಕೀಳುತ್ತಿದ್ದರು. "ಬರಿಗಾಲಲ್ಲಿ ಕುಣೀತಾರಲ್ಲ, ಅದಕ್ಕೆ" ಅಂದರು. ಅಂದು ಹನ್ನೊಂದು ಗಂಟೆಗೆ ನಮ್ಮ ಲೈಟ್ ಕಟ್ಟಿ ಮುಗಿದಿತ್ತು. ಮಧ್ಯಾಹ್ನ ಇಡೀ ತಂಡ ಎರಡು ಗಂಟೆ ಮಲಗಿತು. ಆ ಸಂಜೆಯ ಆಟ ಹೇಗಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ತಿರುಗಾಟದಲ್ಲಿ ನನ್ನ ಒಂದು ಕ್ಯೂ ಕೂಡ ತಪ್ಪದ ಆಟ ಅದೊಂದೇ. ಆ ಹಾಲ್ ಚಿಕ್ಕದು, ಏಸಿ ಇಲ್ಲ, ಕುರ್ಚಿಗಳು ಕಿರ್ರ್ ಅಂತವೆ. ನಾವು ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತೇವೆ.

ಈ ಸಲದ ತಿರುಗಾಟದ ಪಟ್ಟಿ ಸಿದ್ಧವಾಗಿದೆ. ನಿಮ್ಮಲ್ಲಿ ಹಲವರ ಊರು ಅದರಲ್ಲಿದೆ. ಒಂದು ಲಾರಿ, ಒಂದು ಬಸ್ಸು, ಹದಿನೇಳು ಜನ, ಅದರಲ್ಲಿ ಆರು ಜನ ಹೆಂಗಸರು. ಬೆಳಗ್ಗೆ ಐದೂವರೆ ಸುಮಾರಿಗೆ ಬರುತ್ತೇವೆ. ತಡವಾಗುವ ಹಾಗಿದ್ದರೆ ದಾರಿಯಿಂದಲೇ ತಿಳಿಸುತ್ತೇನೆ. ನೀವೇ ಎದ್ದು ಬರಬೇಕಾಗಿಲ್ಲ. ಹಿಂದಿನ ರಾತ್ರಿ ಮನೆಗೆ ಹೋಗುವಾಗ ಬೀಗದ ಕೈಯನ್ನು ವಾಚ್‌ಮನ್ ಕೈಗೆ ಕೊಟ್ಟು, "ನಾಟಕದವರು ಬರ್ತಾರೆ" ಅಂತ ಒಂದು ಮಾತು ಹೇಳಿ ಹೋಗುತ್ತೀರಾ?

ಇಂತಿ,
ತಿರುಗಾಟದ ತಂಡದ ಲೈಟಿನವಳು